ಬೆಕ್ಕಿಗೂ ಒಂದು ಪ್ರಮಾಣಪತ್ರ

ನನಗೆ ಬೆಕ್ಕೆಂದರೆ ಭಯ. ಹುಲಿಯೆಂದರೆ ಅಷ್ಟಿಲ್ಲ, ಹುಲಿ ಮೆಟ್ಟಿಲ ಮೇಲೆ ಮಲಗಿರುವುದಿಲ್ಲವಲ್ಲ. ಇದಕ್ಕೆ ಐಲ್ಯುರೋಫೋಬಿಯಾ ಎಂಬ ಹೆಸರಿದೆ ಎಂದು ತಿಳಿದ ದಿನ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ. ಅಷ್ಟು ದೊಡ್ಡ ಹೆಸರಿನ ಕಾಯಿಲೆಯನ್ನು ಸುಮ್ಮನೆ ಇಟ್ಟುಕೊಂಡು ಕೂರಬಾರದೆಂದು ಹಿಪ್ನೋಥೆರಪಿಗೆ, ಅಂದರೆ ಸಮ್ಮೋಹನ ಚಿಕಿತ್ಸೆಗೆ, ಹೋದೆ. ‘ಒಂದೇ ಸೆಷನ್, ಜೀವನಪೂರ್ತಿ ನಿರ್ಭಯ’ ಎಂಬ ಜಾಹೀರಾತು ನಂಬಿ ಹೋದವನಿಗೆ ಆರು ಸೆಷನ್ ಆಯಿತು. ಜಾಹೀರಾತು ಸುಳ್ಳೆನ್ನಲಾರೆ. ಆ ಒಂದು ಎಷ್ಟನೆಯದು ಎಂದು ಅದರಲ್ಲಿ ಬರೆದಿರಲಿಲ್ಲ, ಅಷ್ಟೆ.

ಥೆರಪಿಸ್ಟರ ಬಾಗಿಲಲ್ಲಿ, ಕಾಲೊರಸಿನ ಮೇಲೆ, ಒಂದು ಬೂದು ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಮೊದಲ ದಿನ ಮೆಟ್ಟಿಲ ಕೆಳಗೇ ನಿಂತು ಫೋನ್ ಮಾಡಿದೆ. ಅವರು ಬಂದು ಅದನ್ನು ಓಡಿಸಿ, ನನ್ನನ್ನು ಬೆಕ್ಕಿಲ್ಲದ ಕೋಣೆಗೆ ಕರೆದೊಯ್ದು, ಕಣ್ಣು ಮುಚ್ಚಿಸಿ, ಬೆಕ್ಕಿನ ಭಯಕ್ಕೆ ಚಿಕಿತ್ಸೆ ಶುರುಮಾಡಿದರು.

“ಮೈ ಹಗುರ... ಕಣ್ಣು ಭಾರ...” ಕಣ್ಣು ಭಾರವಾಗಿದ್ದು ನಿಜ, ಮಧ್ಯಾಹ್ನದ ಹೊತ್ತು. ಅವರು ಹತ್ತರಿಂದ ಒಂದಕ್ಕೆ ಎಣಿಸುತ್ತಿದ್ದರು, ನಾನು ಅರೆಗಣ್ಣಿನಲ್ಲಿ ಗೋಡೆಯ ಮೇಲಿನ ಪ್ರಮಾಣಪತ್ರ ಎಣಿಸುತ್ತಿದ್ದೆ. ಒಂಬತ್ತು. ಒಂದೊಂದಕ್ಕೂ ಹೊಂಬಣ್ಣದ ಮುದ್ರೆ, ಕೆಳಗೆ ಯಾರಿಗೂ ಓದಲಾಗದ ಸಹಿ.

ಪ್ರಮಾಣಪತ್ರವೆಂದರೆ ನನಗೆ ಜಾರ್ಜ್ ನೆನಪಾಗುತ್ತಾನೆ. ಬ್ರಿಟನ್ನಿನಲ್ಲಿ 2009ರಲ್ಲಿ ಬಿಬಿಸಿ ನಿರೂಪಕ ಕ್ರಿಸ್ ಜಾಕ್ಸನ್ ಈ ಜಾರ್ಜ್‌ನನ್ನು ಮೂರು ವೃತ್ತಿಸಂಘಗಳಲ್ಲಿ ನೋಂದಾಯಿಸಿದರು. ಅವುಗಳಲ್ಲಿ ಎರಡು ಹಿಪ್ನೋಥೆರಪಿಯವು. ಮೂರೂ ಕಡೆ ಆದರದ ಸ್ವಾಗತ. ಜಾರ್ಜ್ ಎಂದರೆ ಜಾಕ್ಸನ್ ಸಾಕಿದ ಬೆಕ್ಕು. ಅದಕ್ಕೂ ಮುಂಚೆ ಅಮೆರಿಕದ ಮನೋವಿಜ್ಞಾನಿ ಸ್ಟೀವ್ ಐಕೆಲ್ ತಮ್ಮ ಬೆಕ್ಕನ್ನೂ ಹೀಗೇ ಪ್ರಮಾಣಿತ ಹಿಪ್ನೋಥೆರಪಿಸ್ಟ್ ಮಾಡಿಸಿದ್ದರು. ಅದರ ಹೆಸರು ಜೋಯಿ ಡಿ. ಕಾಟ್ಸೆ. ಜರ್ಮನ್‌ನಲ್ಲಿ ‘ಡಿ ಕಾಟ್ಸೆ’ ಎಂದರೆ ಬೆಕ್ಕು ಎಂದೇ ಅರ್ಥ. ತನ್ನ ಜಾತಿಯನ್ನು ಹೆಸರಿನಲ್ಲೇ ಒಪ್ಪಿಕೊಂಡ ಅಭ್ಯರ್ಥಿ, ಪಾಪ. ಇಷ್ಟು ಪ್ರಾಮಾಣಿಕತೆ ಈ ಕ್ಷೇತ್ರದಲ್ಲಿ ಅಪರೂಪ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂದು ಗಾದೆ. ಇಲ್ಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕೂತಿತ್ತು, ಮುಚ್ಚಿಕೊಂಡವರು ಮುದ್ರೆ ಒತ್ತುವವರು.

ಸಮ್ಮೋಹನವೇ ಬೊಗಳೆ ಎಂದು ನಾನು ಹೇಳುತ್ತಿಲ್ಲ. ತರಬೇತಾದ ವೈದ್ಯರೂ ಮನೋವಿಜ್ಞಾನಿಗಳೂ ನೋವು, ಆತಂಕ ತಗ್ಗಿಸಲು ಬೇರೆ ಚಿಕಿತ್ಸೆಯ ಜೊತೆಗೆ ಅದನ್ನು ಬಳಸುತ್ತಾರೆ. ಆದರೆ ಎಲ್ಲರಿಗೂ ಒಂದೇ ಹದದಲ್ಲಿ ಅದು ಹತ್ತುವುದಿಲ್ಲ. ಯಾರಿಗೆ ಎಷ್ಟು ಹತ್ತುತ್ತದೆಂದು ಅಳೆಯಲು ಸ್ಟ್ಯಾನ್‌ಫರ್ಡ್‌ನಲ್ಲಿ 1959ರಷ್ಟು ಹಿಂದೆಯೇ ಒಂದು ಮಾಪಕ ಮಾಡಿದ್ದಾರೆ. ನಿದ್ದೆಯಂತೂ ಅದಲ್ಲವೇ ಅಲ್ಲ. ನಿದ್ದೆ ಎಂಬರ್ಥದ ‘ಹಿಪ್ನೋಸ್’ ಎಂಬ ಗ್ರೀಕ್ ಪದದಿಂದ ‘ಹಿಪ್ನಾಟಿಸಂ’ ಪದವನ್ನು ಚಾಲ್ತಿಗೆ ತಂದ ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್, ಕೆಲವೇ ವರ್ಷಗಳಲ್ಲಿ ಹೆಸರು ತಪ್ಪಾಯಿತೆಂದುಕೊಂಡು 1847ರಲ್ಲಿ ‘ಮೊನೊಐಡಿಯಿಸಂ’ ಎಂಬ ಬೇರೆ ಪದ ಮುಂದಿಟ್ಟ. ಮನಸ್ಸು ಒಂದೇ ವಿಚಾರಕ್ಕೆ ಕಚ್ಚಿಕೊಳ್ಳುವುದು ಎಂದರ್ಥ. ಆ ಪದವನ್ನು ಬೋರ್ಡಿನ ಮೇಲೆ ಬರೆಸಿದರೆ ಯಾರು ಮೆಟ್ಟಿಲು ಹತ್ತುತ್ತಾರೆ?

ನಾಲ್ಕನೆಯ ಸೆಷನ್ನಿನಲ್ಲಿ ನನ್ನನ್ನು ಹಿಂದಿನ ಜನ್ಮಕ್ಕೆ ಇಳಿಸಿದರು.

“ಏನು ಕಾಣಿಸ್ತಿದೆ?”

“ಕತ್ತಲೆ ಸಾರ್.”

“ಕಿರಿದಾದ ಜಾಗವೇ? ಬಿಲದ ಥರ?”

“ಇರಬಹುದು ಸಾರ್.”

“ಮೀಸೆ ಇದೆಯಾ?”

ಮುಟ್ಟಿ ನೋಡಿಕೊಂಡೆ. ಇತ್ತು.

ನಾನು ಇಲಿಯಾಗಿದ್ದೆ ಎಂದು ತೀರ್ಮಾನವಾಯಿತು. ಸಮ್ಮೋಹನದಲ್ಲಿ ಕೇಳುವವರು ಸುಳಿವು ಕೊಟ್ಟರೆ ನಡೆಯದೇ ಇದ್ದದ್ದೂ ನೆನಪಾಗಿ ಬರುತ್ತದೆ, ಬಂದದ್ದನ್ನು ಗಟ್ಟಿಯಾಗಿ ನಂಬಿಯೂ ಬಿಡುತ್ತೇವೆ. ನನ್ನ ಭಯ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ, ಅದಕ್ಕೊಂದು ವಂಶಾವಳಿ ಸಿಕ್ಕಿತು.

ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ಫೋಬಿಯಾ ಚಿಕಿತ್ಸೆಯೂ ಒಂದೇ ಸೆಷನ್ನಿನದು, ಹೆಚ್ಚೆಂದರೆ ಮೂರು ಗಂಟೆ. ಅಲ್ಲಿ ಕಣ್ಣು ಮುಚ್ಚುವಂತಿಲ್ಲ. ಜೇಡಕ್ಕೆ ಹೆದರುವವರ ಎದುರು ಜೇಡವನ್ನೇ ತಂದಿಡುತ್ತಾರೆ. ಒಪ್ಪಿಕೊಂಡು, ಒಂದೊಂದೇ ಹೆಜ್ಜೆ ಹತ್ತಿರ ಹೋಗಿ, ಎದೆಬಡಿತ ತಾನಾಗಿ ಇಳಿಯುವವರೆಗೆ ಎದ್ದು ಓಡದೆ ಕೂರಬೇಕು. ಓಡಿದಷ್ಟೂ ಭಯ ಕೊಬ್ಬುತ್ತದೆ. ಹೀಗೊಂದುಂಟಂತೆ ಎಂದು ನಾನು ಮೆಲ್ಲಗೆ ಹೇಳಿದಾಗ ಥೆರಪಿಸ್ಟರು ನಕ್ಕರು. “ನಿಮ್ಮ ಸುಪ್ತ ಮನಸ್ಸು ಪ್ರತಿರೋಧ ಒಡ್ಡುತ್ತಿದೆ. ಇನ್ನೆರಡು ಸೆಷನ್ ಬೇಕು.”

ಇತ್ತ ಹೊರಗಿನ ಸಂಗತಿ ಹೇಳುವುದನ್ನೇ ಮರೆತೆ. ಎರಡನೆಯ ವಾರ ಅವರು ಫೋನ್ ಎತ್ತಲಿಲ್ಲ. ಮೆಟ್ಟಿಲಲ್ಲಿ ಹತ್ತು ನಿಮಿಷ ಬೆವರಿ, ಬೆನ್ನನ್ನು ಗೋಡೆಗೆ ಅಂಟಿಸಿಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು ಬೆಕ್ಕನ್ನು ದಾಟಿದೆ. ಅದು ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಮೂರನೆಯ ವಾರ ಐದು ನಿಮಿಷ ಸಾಕಾಯಿತು. ಐದನೆಯ ವಾರ ಬಾಗಿಲು ತೆಗೆಯುವುದು ತಡವಾಗಿ ಅಲ್ಲೇ ನಿಂತಿದ್ದೆ, ಅದು ಆಕಳಿಸಿದ್ದನ್ನು ಪೂರ್ತಿ ನೋಡಿದೆ. ಆರನೆಯ ವಾರ ಅದರ ಪಕ್ಕದಲ್ಲೇ ಬಗ್ಗಿ ಸಡಿಲವಾದ ಶೂ ಲೇಸ್ ಬಿಗಿದುಕೊಂಡೆ. ಬಾಲ ಕಾಲಿಗೆ ತಾಗಿತು. ಪ್ರಾಣವೇನೂ ಹೋಗಲಿಲ್ಲ.

ಅದನ್ನು ಕಿಂಡಿಯಿಂದ ನೋಡಿದ ಥೆರಪಿಸ್ಟರಿಗೆ ಆನಂದಬಾಷ್ಪ. “ನೋಡಿದಿರಾ ಸುಪ್ತ ಮನಸ್ಸಿನ ಶಕ್ತಿ!” ಎಂದು ಕೈ ಕುಲುಕಿ, ಅಭಿಪ್ರಾಯ ಬರೆಯುವ ಫಾರಂ ಕೊಟ್ಟರು. ಹೆಸರು, ವಯಸ್ಸು, ಭಯದ ವಿಧ, ಎಲ್ಲ ಸರಸರನೆ ತುಂಬಿದೆ. ‘ಗುಣಪಡಿಸಿದ ಚಿಕಿತ್ಸಕರ ಹೆಸರು’ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಆರು ವಾರದಲ್ಲಿ ಅದರ ಹೆಸರೇನೆಂದು ನಾನು ಯಾರನ್ನೂ ಕೇಳಿರಲಿಲ್ಲ.