ಅಮಾನಿಕೆರೆ ಭದ್ರತಾ ಮಂಡಳಿ

ತುಮಕೂರಿನ ಅಮಾನಿಕೆರೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕಳೆದ ವಾರ ಒಂದು ದೇಶದ ಮೇಲೆ ದಂಡೆತ್ತಿ ಹೋಗುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಯಾವ ದೇಶ ಅನ್ನುವುದು ಮಾತ್ರ ಬಾಕಿ. ಅಲ್ಲೊಬ್ಬ ಸರ್ವಾಧಿಕಾರಿ ಇರಬೇಕು, ಅವನು ನಮಗೆ ಆಗದವನಾಗಿರಬೇಕು, ಕೆಲಸ ಹದಿನೈದು ದಿನದೊಳಗೆ ಮುಗಿಯಬೇಕು, ಪೆಟ್ರೋಲ್ ರೇಟು ಏರಬಾರದು ಎಂಬಲ್ಲಿಗೆ ಚರ್ಚೆ ಬಂದು ನಿಂತಿದೆ.

ಬೆಳಗಿನ ವಾಕಿಂಗ್ ಬಳಗದ ಈ ಮಂಡಳಿಗೆ ಐವರು ಕಾಯಂ ಸದಸ್ಯರು: ರಿಟೈರಾದ ಹೆಡ್‌ಮೇಷ್ಟ್ರು, ಕೆಇಬಿ ಎಂಜಿನಿಯರು, ತಿಪಟೂರು ಕಡೆಯ ಕೊಬ್ಬರಿ ಸಾಹುಕಾರರು, ಎಲ್‌ಐಸಿ ಏಜೆಂಟರು ಮತ್ತು ಒಬ್ಬ ರಸ್ತೆ ಕಂಟ್ರಾಕ್ಟರು. ವಿಟೋ ಅಧಿಕಾರ ಅವತ್ತಿನ ಕಾಫಿ ಬಿಲ್ಲು ಕೊಡುವವರದು. ಆರನೆಯವರೂ ಒಬ್ಬರಿದ್ದಾರೆ, ಮಿಲಿಟರಿಯಿಂದ ಬಂದ ಹವಾಲ್ದಾರರು. ಬೆಂಚಿನಲ್ಲಿ ಜಾಗ ಸಾಲದೆ ಅವರು ನಿಂತೇ ಇರುತ್ತಾರೆ. ಬಂದೂಕು ಹಿಡಿದ ಅನುಭವ ಅವರೊಬ್ಬರಿಗೇ ಇರುವುದರಿಂದ ಅವರ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲ.

ಅವತ್ತು ಎಂಜಿನಿಯರು ಬರುವಾಗಲೇ ಕೆಂಡವಾಗಿದ್ದರು. ದಾರಿಯಲ್ಲಿ ಯಾವನೋ ಹುಡುಗ ಮೂವರನ್ನು ಕೂರಿಸಿಕೊಂಡು ರಾಂಗ್ ಸೈಡಿನಲ್ಲಿ ಬಂದು ಇವರ ಸ್ಕೂಟರಿಗೆ ಉಜ್ಜಿಕೊಂಡು ಹೋಗಿದ್ದ. "ಈ ದೇಶಕ್ಕೆ ಒಬ್ಬ ಹಿಟ್ಲರ್ ಬರ್ಬೇಕು ಕಣ್ರೀ ಮೇಷ್ಟ್ರೇ. ಹತ್ತು ವರ್ಷ ಮಿಲಿಟರಿ ರೂಲ್ ಹಾಕಿದ್ರೆ ಎಲ್ಲಾ ನೆಟ್ಟಗಾಗ್ತಾರೆ." ಐದೂ ತಲೆ ಅಲ್ಲಾಡಿದವು. ಅಷ್ಟರಲ್ಲಿ ಏಜೆಂಟರ ಮೊಬೈಲಿನಲ್ಲಿ ಯಾವುದೋ ದೂರದೇಶದ ಸುದ್ದಿ ಬಂತು. "ಅಲ್ಲಿ ಎಲೆಕ್ಷನ್ನೇ ಇಲ್ವಂತೆ, ಪೇಪರಿನವರನ್ನೆಲ್ಲಾ ಒಳಗೆ ಹಾಕಿದಾನಂತೆ." ಎಂಜಿನಿಯರು ಮತ್ತೆ ಕೆಂಡ: "ಅಂಥೋನ್ನ ಸುಮ್ನೆ ಬಿಡಬಾರ್ದು, ಬಾಂಬ್ ಹಾಕ್ಬೇಕು." ಮತ್ತೆ ಐದೂ ತಲೆ ಅಲ್ಲಾಡಿದವು. ಸರ್ವಾಧಿಕಾರಿ ನಮ್ಮೂರಿಗೆ ಬಂದರೆ ಶಿಸ್ತು, ಪಕ್ಕದ ಖಂಡದಲ್ಲಿದ್ದರೆ ಅನ್ಯಾಯ.

ಇದಕ್ಕಾಗಿ ನಮ್ಮ ಬೆಂಚನ್ನು ಹೀಗಳೆಯಲು ನನಗೇನೂ ಮನಸ್ಸಿಲ್ಲ. ನ್ಯೂಯಾರ್ಕಿನ ದೊಡ್ಡ ಬೆಂಚು, ಅಂದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ನಡೆಯುವುದೂ ಹೀಗೇ. 1983ರ ಡಿಸೆಂಬರ್ 20ರಂದು ಅಮೆರಿಕದ ಅಧ್ಯಕ್ಷ ರೇಗನ್ ಅವರ ವಿಶೇಷ ದೂತರಾಗಿ ಬಾಗ್ದಾದಿಗೆ ಹೋದ ಡೊನಾಲ್ಡ್ ರಮ್ಸ್‌ಫೆಲ್ಡ್ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನನ ಕೈ ಕುಲುಕಿದರು. ಇರಾಕು ಇರಾನಿನ ಸೈನಿಕರ ಮೇಲೆ ವಿಷಾನಿಲ ಬಿಡುತ್ತಿದ್ದ ಕಾಲವದು. 1988ರ ಮಾರ್ಚ್ 16ರಂದು ಹಲಬ್ಜಾ ಎಂಬ ಕುರ್ದಿಶ್ ಊರಿನ ಮೇಲೂ ವಿಷಾನಿಲ ಬಿತ್ತು. ಸುಮಾರು 5,000 ಜನ ಸತ್ತರು. ಅವರನ್ನು ಉಳಿಸಲು ಅಮೆರಿಕದಿಂದ ಒಂದು ವಿಮಾನವೂ ಹಾರಲಿಲ್ಲ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ತೋರಿಸಿ ಇರಾಕಿನ ವಿಷದ ಬಗ್ಗೆ ಜಗತ್ತಿಗೆ ಪಾಠ ಹೇಳಿದರು. ಮುಂದಿನ ತಿಂಗಳೇ ಯುದ್ಧ. ಅದರ ಉಸ್ತುವಾರಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯದು, ಆ ಕುರ್ಚಿಯಲ್ಲಿದ್ದವರು ಅದೇ ರಮ್ಸ್‌ಫೆಲ್ಡ್. ದೇಶವನ್ನೆಲ್ಲ ಜಾಲಾಡಿದರೂ ಹೇಳಿದ್ದ ದಾಸ್ತಾನು ಸಿಗಲಿಲ್ಲ. ವಿಷ ಇದ್ದಾಗ ಹಸ್ತಲಾಘವ, ಇಲ್ಲದಾಗ ಬಾಂಬು!

"ಹಾಗಾದ್ರೆ ಯಾವ ಸರ್ವಾಧಿಕಾರೀನೂ ಮುಟ್ಟಬಾರ್ದು ಅಂತೀರಾ?" ಎಂದು ಮೇಷ್ಟ್ರು ನನ್ನ ಮೇಲೆ ತಿರುಗಿದರು.

ಹಾಗಂತ ನಾನೆಲ್ಲಿ ಅಂದೆ? ಮುಟ್ಟಿದವರಿದ್ದಾರೆ, ಮುಟ್ಟಿ ಜನರನ್ನು ಉಳಿಸಿದವರೂ ಇದ್ದಾರೆ. ತಮಾಷೆ ಏನೆಂದರೆ ಬೈಸಿಕೊಂಡವರು ಅವರೇ. ಕಾಂಬೋಡಿಯದಲ್ಲಿ ಸರ್ವಾಧಿಕಾರಿ ಪೊಲ್ ಪಾಟ್ ನಾಲ್ಕು ವರ್ಷ ತುಂಬುವುದರೊಳಗೆ ಹದಿನೈದಿಪ್ಪತ್ತು ಲಕ್ಷ ಜನರ ಸಾವಿಗೆ ಕಾರಣನಾದ. ಅವನ ಕಡೆಯವರು ಗಡಿ ದಾಟಿ ಬಂದು ವಿಯೆಟ್ನಾಮಿನ ಹಳ್ಳಿಗಳಲ್ಲೂ ಜನರನ್ನು ಕೊಂದರು. ಸಾಕಾಗಿಹೋದ ವಿಯೆಟ್ನಾಂ ಸೇನೆ ನುಗ್ಗಿ 1979ರ ಜನವರಿ 7ರಂದು ರಾಜಧಾನಿ ನಾಮ್ ಪೆನ್ ಹಿಡಿಯಿತು. ಜಗತ್ತು ಶಾಲು ಹೊದಿಸಿ ಹಾರ ಹಾಕಬೇಕಿತ್ತು. ಆಕ್ರಮಣಕಾರಿ ಎಂಬ ಹಣೆಪಟ್ಟಿ ಹಚ್ಚಿತು. ಪಾಠ ಕಲಿಸುತ್ತೇವೆಂದು ಚೀನಾ ಮುಂದಿನ ತಿಂಗಳೇ ವಿಯೆಟ್ನಾಮಿನೊಳಗೆ ಸೈನ್ಯ ನುಗ್ಗಿಸಿತು. ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯದ ಕುರ್ಚಿ ಮಾತ್ರ ವರ್ಷಗಟ್ಟಲೆ ಪೊಲ್ ಪಾಟ್ ಕಡೆಯವರಿಗೇ ಮೀಸಲು. ಕಾಡಿಗೆ ಓಡಿಹೋದ ಕೊಲೆಗಡುಕರ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ಹಾಜರಿ ಬೀಳುತ್ತಿತ್ತು!

ಅದೇ ವರ್ಷ ಏಪ್ರಿಲ್‌ನಲ್ಲಿ ತಾಂಜಾನಿಯದ ಸೇನೆ ಉಗಾಂಡದ ರಾಜಧಾನಿ ಕಂಪಾಲಾ ಹೊಕ್ಕು ಅಲ್ಲಿನ ಸರ್ವಾಧಿಕಾರಿ ಇದಿ ಅಮೀನನನ್ನು ಓಡಿಸಿತು. ಮೊದಲು ಗಡಿ ದಾಟಿ ಬಂದವನು ಅಮೀನನೇ. ಅವನ ಸಹಾಯಕ್ಕೆ ಸೈನಿಕರನ್ನು ಕಳಿಸಿದ್ದು ಲಿಬಿಯದ ಗದ್ದಾಫಿ. ಕೊನೆಗೆ ಅಮೀನ ಸೌದಿ ಅರೇಬಿಯ ಸೇರಿ, ಯಾವ ಕೋರ್ಟಿನ ಮೆಟ್ಟಿಲೂ ಹತ್ತದೆ, 2003ರ ಆಗಸ್ಟಿನಲ್ಲಿ ಜಿದ್ದಾದ ಆಸ್ಪತ್ರೆಯೊಂದರಲ್ಲಿ ಕಣ್ಣು ಮುಚ್ಚಿದ. ಇರಾಕಿನಲ್ಲಿ ಸದ್ದಾಮನಿಗಾಗಿ ಬಿಲ ಬಿಲ ಹುಡುಕುತ್ತಿದ್ದ ದಿನಗಳವು. ಒಬ್ಬ ಸರ್ವಾಧಿಕಾರಿಗೆ ಬಲೆ, ಇನ್ನೊಬ್ಬನಿಗೆ ಬೆಡ್ಡು.

ನಮ್ಮದೇ ಕಥೆ ಹೇಳಬೇಕೆ? 1971ರಲ್ಲಿ ಪಾಕಿಸ್ತಾನದ ಸರ್ವಾಧಿಕಾರಿ ಯಾಹ್ಯಾ ಖಾನನ ಸೇನೆಯ ಕಾಟಕ್ಕೆ ಸುಮಾರು ಒಂದು ಕೋಟಿ ಜನ ಪೂರ್ವ ಪಾಕಿಸ್ತಾನ ಬಿಟ್ಟು ನಮ್ಮಲ್ಲಿಗೆ ಬಂದರು. ಡಿಸೆಂಬರಿನಲ್ಲಿ ಯುದ್ಧ ಹತ್ತಿಕೊಂಡಾಗ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಗುಂಡು ನಿಲ್ಲಿಸಿ, ಸೇನೆ ವಾಪಸು ಕರೆಸಿಕೊಳ್ಳಿ ಎಂದಿತು. ಪರವಾಗಿ 104 ಮತ, ವಿರುದ್ಧ 11. ಆ ಹನ್ನೊಂದರಲ್ಲಿ ನಾವೂ ಒಬ್ಬರು. ಪಕ್ಕದ ಮನೆಯಲ್ಲಿ ಕೊಲೆ ನಡೆದು ಆ ಮನೆಯ ಮಕ್ಕಳು ನಮ್ಮ ಜಗಲಿಗೆ ಬಂದು ಬಿದ್ದಾಗ ಕದ ಒದೆಯುವುದು ತಪ್ಪಲ್ಲ ಎಂದು ನಾನು ನಂಬಿದ್ದೇನೆ. ಕೊಲ್ಲುವವನ ಕೈ ಆಗ ಆಡುತ್ತಿರಬೇಕು, ಬೇರೆ ದಾರಿಯೆಲ್ಲ ಮುಚ್ಚಿರಬೇಕು, ಕೆಲಸ ಮುಗಿದ ಮೇಲೆ ಹೊರಗೆ ಬರುವ ಬುದ್ಧಿಯೂ ಇರಬೇಕು. ವಿಯೆಟ್ನಾಂ ಕೂಡ ಈ ಕೊನೆಯದರಲ್ಲಿ ಎಡವಿತು, ಹತ್ತು ವರ್ಷ ಅಲ್ಲೇ ಕೂತಿತು.

ಪರ್ಮಿಷನ್ ತಗೊಂಡು ಹೋದರೆ ಸರಿಯಾಗುತ್ತದೆ ಅನ್ನುವುದು ಎಂಜಿನಿಯರ ವಾದ. 2011ರಲ್ಲಿ ಲಿಬಿಯಕ್ಕೆ ಹೋದವರ ಕೈಯಲ್ಲಿ ಭದ್ರತಾ ಮಂಡಳಿಯ 1973ನೇ ನಿರ್ಣಯ ಇತ್ತು. ಹತ್ತು ಜನ ಪರ, ಭಾರತ ಸೇರಿ ಐವರು ತಟಸ್ಥ. ನಾಗರಿಕರನ್ನು ಕಾಪಾಡುವುದಕ್ಕೆ ಸಿಕ್ಕ ಪರ್ಮಿಷನ್ ಗದ್ದಾಫಿಯ ಹೆಣ ಬೀಳುವ ತನಕ ಎಳೆಯಿತು. ಆಮೇಲೆ ಒಂದೇ ದೇಶಕ್ಕೆ ಎರಡು ಸರ್ಕಾರ. ಪ್ಲಾನ್ ಸ್ಯಾಂಕ್ಷನ್ ಆಗಿದ್ದು ನೆಲಮಾಳಿಗೆಗೆ, ಕಟ್ಟಿದ್ದು ಐದು ಅಂತಸ್ತು. ಇದನ್ನು ಕೇಳಿ ಕಂಟ್ರಾಕ್ಟರು ಮಾತ್ರ ಮೆಚ್ಚುಗೆಯಿಂದ ತಲೆದೂಗಿದರು.

ಅಷ್ಟು ಹೊತ್ತಿಗೆ ಹವಾಲ್ದಾರರು ಗಂಟಲು ಸರಿಮಾಡಿಕೊಂಡರು. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಅವರಿದ್ದರು. ಹೋದದ್ದು ಶಾಂತಿ ಕಾಯಲು, ಮಾಡಿದ್ದು ಯುದ್ಧ, ನಮ್ಮ ಕಡೆ ಸತ್ತವರು ಸುಮಾರು 1,200. "ಹೋಗಿ ಅನ್ನೋ ಆರ್ಡರ್ ರಾತ್ರೋರಾತ್ರಿ ಬಂತು ಸ್ವಾಮಿ. ಬನ್ನಿ ಅನ್ನೋ ಆರ್ಡರ್ ಬರೋಕೆ ಎರಡೂ ಮುಕ್ಕಾಲು ವರ್ಷ ಹಿಡೀತು."

"ಅದು ಬೇರೆ ವಿಷ್ಯ ಬಿಡಿ ಹವಾಲ್ದಾರ್ರೇ," ಎಂದರು ಸಾಹುಕಾರರು. ಅವತ್ತಿನ ಕಾಫಿ ಅವರದು.

"ಆಯ್ತು ಬಿಡ್ತೀನಿ. ನೀವೀಗ ತೀರ್ಮಾನ ಮಾಡಿದ್ರಲ್ಲಾ, ಈ ಸಲ ಯಾರ ಮಕ್ಕಳು ಹೋಗೋದು?"

ಏಜೆಂಟರು ಯೋಧರಿಗೆ ಒಳ್ಳೆಯ ಪಾಲಿಸಿ ಇದೆ ಎಂದರು. ಮೇಷ್ಟ್ರು ತಮಗೆ ಇಬ್ಬರೂ ಹೆಣ್ಣುಮಕ್ಕಳು ಎಂದರು. ಎಂಜಿನಿಯರು ಮಾತ್ರ ಹಿಂಜರಿಯಲಿಲ್ಲ: "ನಮ್ಮ ಹುಡುಗ ಡಲ್ಲಾಸ್‌ನಲ್ಲಿದಾನೆ ಕಣ್ರೀ. ಫುಲ್ ಸಪೋರ್ಟ್ ಮಾಡ್ತಾನೆ. ಬೇಕಾದ್ರೆ ನೈಟ್ ಶಿಫ್ಟೂ ಕೂರ್ತಾನೆ, ವರ್ಕ್ ಫ್ರಮ್ ಹೋಮ್."