ಒಂದು ತೊಟ್ಟು ಎಣ್ಣೆ

ಮಳೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬಂದರೆ ನನಗೆ ಸಿಗುವುದು ಟವೆಲ್, ಸೈಕಲ್‌ಗೆ ಸಿಗುವುದು ಗೋಡೆ. ಅವತ್ತೂ ಹಾಗೇ ಆಯಿತು. ನಾನು ತಲೆ ಒರೆಸಿಕೊಂಡು ಬೆಚ್ಚಗೆ ಹೊದ್ದು ಮಲಗಿದೆ. ಅದು ಗೋಡೆಗೆ ಒರಗಿ ತೊಟ್ಟಿಕ್ಕುತ್ತಾ ನಿಂತಿತ್ತು. ನಾಳೆ ಒರೆಸಿದರಾಯಿತು ಅಂದುಕೊಂಡೆ. ಆ ನಾಳೆ ಬಂದಿದ್ದು ಐದನೇ ದಿನ.

ಅಷ್ಟರಲ್ಲಿ ಚೈನ್ ಕೆಂಪಗಾಗಿತ್ತು. ಪೆಡಲ್ ಒಂದು ಸುತ್ತು ಬಂದರೆ ಒಂದು ಸಲ 'ಕುಂಯ್' ಅನ್ನುತ್ತಿತ್ತು, ಒಳಗೆಲ್ಲೋ ಇಲಿಮರಿ ಸಿಕ್ಕಿಕೊಂಡ ಹಾಗೆ. ಮುಂದೆ ನಡೆದು ಹೋಗುತ್ತಿದ್ದವರು ತಿರುಗಿ ನೋಡಿ ತಾವಾಗಿಯೇ ದಾರಿ ಬಿಡುತ್ತಿದ್ದರು. ಬೆಲ್ ಹೊಡೆಯುವ ಕಷ್ಟ ತಪ್ಪಿತು ಅಂತ ನಾನು ಸಮಾಧಾನ ಮಾಡಿಕೊಂಡೆ. ಹೆಂಡತಿಗೆ ಸಮಾಧಾನವಾಗಲಿಲ್ಲ.

"ರೀ, ಅದಕ್ಕೆ ಒಂದು ತೊಟ್ಟು ಎಣ್ಣೆ ಬಿಡಬಾರದಾ? ನೀವು ಬರೋದು ಮೂರು ಮನೆ ಆಚೆಯಿಂದಲೇ ಕೇಳಿಸುತ್ತೆ."

ಒಂದು ತೊಟ್ಟು ಅಂದಿದ್ದಳು. ನನ್ನ ಕಿವಿಗೆ ಬಿದ್ದಿದ್ದು 'ಎಣ್ಣೆ' ಮಾತ್ರ.

ಕೆಸರು ಮೆತ್ತಿದ ಚೈನಿನ ಮೇಲೆಯೇ ಅರ್ಧ ಬಾಟಲಿ ಸುರಿದೆ. ಶಬ್ದ ನಿಂತಿತು. ಇಷ್ಟಕ್ಕೆಲ್ಲ ಮೆಕ್ಯಾನಿಕ್ ಯಾಕೆ ಬೇಕು ಅಂತ ಒಂದಿಡೀ ದಿನ ಬೀಗಿದೆ. ಎರಡನೇ ದಿನ ಚೈನ್ ಮಿರಮಿರ ಹೊಳೆಯುತ್ತಿತ್ತು. ಮೂರನೇ ದಿನ ನನ್ನ ಪ್ಯಾಂಟಿನ ಬಲಗಾಲು ಹೊಳೆಯುತ್ತಿತ್ತು. ನಾಲ್ಕನೇ ದಿನ ಶಬ್ದ ವಾಪಸ್ ಬಂತು, ಈ ಸಲ 'ಕರಕರ' ಅಂತ. ಎಣ್ಣೆ ಎಲ್ಲ ಕಡೆ ಇತ್ತು. ಕಡ್ಡಿಗಳ ಮೇಲೆ, ಬಾಗಿಲ ಚಿಲಕದ ಮೇಲೆ, ಮಗಳ ಸ್ಕೂಲ್ ಬ್ಯಾಗಿನ ಮೇಲೆ. ಚೈನಿನ ಒಳಗೆ ಮಾತ್ರ ಇರಲಿಲ್ಲ.

ವಿಷಯ ಇರುವುದೇ ಆ ಒಳಗೆ. ಇವತ್ತಿನ ಸೈಕಲ್ ಚೈನಿನ ಅಜ್ಜನಂಥ ಒಂದು ರೋಲರ್ ಚೈನಿಗೆ ಹ್ಯಾನ್ಸ್ ರೆನೋಲ್ಡ್ ಅನ್ನುವವರು 1880ರಲ್ಲಿ ಪೇಟೆಂಟ್ ತೆಗೆದುಕೊಂಡರು. ಅಲ್ಲಿಂದ ಇಲ್ಲಿಯವರೆಗೂ ಲೆಕ್ಕ ಒಂದೇ: ಒಂದು ಪಿನ್ನು, ಅದರ ಸುತ್ತ ಒಂದು ರೋಲರ್, ಎರಡು ಬದಿಗೂ ಪಟ್ಟಿ. ಸೈಕಲ್‌ನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಇಡೀ ಚೈನಿನಲ್ಲಿ ಇಂಥವು ಸಾಮಾನ್ಯವಾಗಿ ನೂರಕ್ಕೂ ಜಾಸ್ತಿ. ತುಳಿದಾಗ ತಿಕ್ಕಾಟ ನಡೆಯುವುದು ಪಿನ್ನಿಗೂ ಅದರ ಸುತ್ತಲಿನ ಲೋಹಕ್ಕೂ. ಎಣ್ಣೆ ಬೇಕಾಗಿರುವುದು ಅಲ್ಲಿಗೆ. ಹೊರಗಿನ ಪಟ್ಟಿಗೆ ತೆಳ್ಳಗೆ ತಾಗಿದರೆ ತುಕ್ಕು ಹತ್ತುವುದಿಲ್ಲ, ಅಷ್ಟೆ. ಜಾಸ್ತಿಯಾದರೆ ದೂಳು, ಮರಳು ಎಲ್ಲ ಬಂದು ಅಂಟಿಕೊಂಡು ಎಣ್ಣೆಯ ಜೊತೆಗೇ ಒಳಗೆ ಇಳಿಯುತ್ತದೆ. ಅಂದರೆ ನಾನು ಚೈನಿಗೆ ಎಣ್ಣೆ ಬಿಟ್ಟಿರಲಿಲ್ಲ. ನಾಲ್ಕು ದಿನದಿಂದ ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದೆ.

ಸರಿ, ತೊಳೆದುಬಿಡೋಣ ಅಂತ ಪೈಪ್ ಎಳೆದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸುವುದರಲ್ಲಿ ಒಂದು ಸುಖವಿದೆ, ವಯಸ್ಸಿಗೆ ಸಂಬಂಧವಿಲ್ಲ. ಚಕ್ರದ ನಡುವಿನ ಹಬ್ ಹತ್ತಿರ ಹಿಡಿದು, ಪೆಡಲ್ ತಿರುಗುವ ಜಾಗಕ್ಕೆ ಹಿಡಿದು, ಮೂಲೆ ಮೂಲೆಗೂ ಹೊಡೆದೆ. ಅಲ್ಲೆಲ್ಲ ಒಳಗೆ ಬೇರಿಂಗ್ ಇರುತ್ತದೆ. ಬೇರಿಂಗಿಗೆ ಗ್ರೀಸ್ ಇರುತ್ತದೆ. ಜೋರಾಗಿ ಬಂದ ನೀರು ಸೀಲ್ ದಾಟಿ ನುಗ್ಗಿದರೆ ಆ ಗ್ರೀಸ್ ಕೆಡುತ್ತದೆ. ಮಳೆಗೆ ಒಳಗೆ ಕಳಿಸಲು ಆಗದ ನೀರನ್ನು ನಾನು ಕಳಿಸಿಕೊಟ್ಟೆ.

ತೊಳೆದ ಮೇಲೆ ಸೈಕಲ್ ಎತ್ತಿದರೆ ಹೊಟ್ಟೆಯೊಳಗೆ 'ಗುಳುಗುಳು' ಅಂತು. ಸೀಟಿನ ಕೆಳಗಿನ ಕೊಳವೆಯಲ್ಲಿ ನೀರು ನಿಂತಿತ್ತು. ಸೀಟ್ ಪೋಸ್ಟ್ ಹೊರಗೆಳೆದು, ಸೈಕಲ್ ತಲೆಕೆಳಗು ಮಾಡಿದೆ. ಕಂದು ಬಣ್ಣದ ನೀರು ನೇರವಾಗಿ ನನ್ನ ಬಿಳಿ ಕಾಲುಚೀಲದ ಮೇಲೆ ಸುರಿಯಿತು. ಆಮೇಲೆ ಸೀಟನ್ನು ಹಳೆಯ ಎತ್ತರಕ್ಕೇ ಕೂರಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ತೆಗೆಯುವ ಮುಂಚೆ ಒಂದು ಚೂರು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಬೇಕಿತ್ತು. ಹೊಳೆದಿದ್ದು ಹತ್ತೊಂಬತ್ತನೇ ನಿಮಿಷಕ್ಕೆ.

ಕೊನೆಗೆ ಮೆಕ್ಯಾನಿಕ್ ಹತ್ತಿರವೇ ಹೋದೆ. ಆತ ಚೈನ್ ಮುಟ್ಟಿ, ಬೆರಳು ನೋಡಿಕೊಂಡು, ನನ್ನ ಮುಖ ನೋಡಿದ.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು ಸರ್?"

"ಗೊತ್ತಿಲ್ಲ," ಅಂದೆ.

ಆತ ನಂಬಲಿಲ್ಲ. ಆದರೂ ಕಲಿಸಿಕೊಟ್ಟ. ಮೊದಲು ಮಗ್ಗಿನಲ್ಲಿ ನೀರು ಸುರಿದು ಕೆಸರು ನೆನೆಸಬೇಕು. ಒಣ ಕೆಸರನ್ನು ಬಟ್ಟೆಯಲ್ಲಿ ಉಜ್ಜಿದರೆ ಪೇಂಟ್ ಮೇಲೆ ಗೀರು ಬೀಳುತ್ತದೆ. ಆಮೇಲೆ ಸೋಪಿನ ನೀರು, ಬ್ರಷ್. ಚೈನಿಗೆ ಉಜ್ಜಿದ ಬ್ರಷ್ ಬೇರೆ ಎಲ್ಲೂ ಮುಟ್ಟಬಾರದು. (ನಾನು ಹಳೆಯ ಟೂತ್ ಬ್ರಷ್ ಇಟ್ಟುಕೊಂಡಿದ್ದೇನೆ. ಅದು ಹಳೆಯದು ಅನ್ನುವ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.) ಪೂರ್ತಿ ಒಣಗಿದ ಮೇಲೆ ಕೆಳಗಿನ ಸಾಲಿನ ಚೈನ್ ಹಿಡಿದು, ಒಳಬದಿಯಿಂದ, ಒಂದೊಂದು ರೋಲರಿಗೂ ಒಂದೊಂದೇ ತೊಟ್ಟು. ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಎಣ್ಣೆಗೆ ಒಳಗೆ ಇಳಿಯಲು ಸಮಯ ಕೊಡಬೇಕು. ಆಮೇಲೆ ಹೊರಗೆ ಉಳಿದಿದ್ದನ್ನೆಲ್ಲ ಒರೆಸಿ ತೆಗೆಯಬೇಕು.

"ಹಾಕಿದ್ದನ್ನ ಒರೆಸೋದಾದರೆ ಹಾಕೋದು ಯಾಕೆ?" ಅಂತ ಕೇಳಿದೆ.

"ಸ್ನಾನ ಮಾಡಿ ಮೈ ಒರೆಸ್ಕೊಳಲ್ವಾ ಸರ್?" ಅಂದ.

ಒಂದು ತೊಟ್ಟು. ಹೆಂಡತಿ ಹೇಳಿದ್ದೂ ಅದನ್ನೇ. ಈ ವಿಷಯ ಮನೆಯಲ್ಲಿ ಬಾಯಿಬಿಡಲಿಲ್ಲ.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಆದರೆ ನೂರು ತೊಟ್ಟು ಎಣಿಸುತ್ತಾ ಕೂರುವ ತಾಳ್ಮೆ ಎಲ್ಲಿಂದ ತರೋದು? ಮುಂದಿನ ಮಳೆಗೆ ಒಂದು ಸ್ಪ್ರೇ ಡಬ್ಬಿ ತಂದೆ. ಗುಂಡಿ ಒತ್ತಿದರೆ ಮುಗಿಯಿತು. ಗಾಳಿಗೆ ಮುಖಕ್ಕೇ ಬಡಿಯಿತು, ಕಣ್ಣು ಮುಚ್ಚಿಕೊಂಡೇ ಒತ್ತಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಕಡಿಮೆ. ಕಣ್ಣು ಬಿಟ್ಟಾಗ ಹಿಂದಿನ ಡಿಸ್ಕ್ ಬ್ರೇಕಿನ ತಟ್ಟೆಯೂ ಮಿರಮಿರ ಹೊಳೆಯುತ್ತಿತ್ತು.

ಇಡೀ ಸೈಕಲ್‌ನಲ್ಲಿ ತಿಕ್ಕಾಟ ಇರಲೇಬೇಕಾದ ಜಾಗ ಬ್ರೇಕ್. ಅದಕ್ಕೇ ಎಣ್ಣೆ ಬಿಟ್ಟಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಮೊದಲು ಏನೂ ಆಗಲಿಲ್ಲ. ಆಮೇಲೆ ಅದು ಕಿರುಚಿತು. ಜೊತೆಗೆ ನಾನೂ. ಮುಂದಿನ ಬ್ರೇಕ್ ಇತ್ತು, ಪುಣ್ಯ. ತಟ್ಟೆಯನ್ನೇನೋ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಸರಿ ಮಾಡಿದ್ದಾಯಿತು. ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡುಗಳು ಎಣ್ಣೆ ಕುಡಿದುಬಿಟ್ಟಿದ್ದವು. ಎಸೆದು ಹೊಸದು ಹಾಕಿಸಿದೆ. ಮೆಕ್ಯಾನಿಕ್ ಈ ಸಲ ಯಾರು ಅಂತ ಕೇಳಲಿಲ್ಲ.

ಚೈನ್ ಎಷ್ಟು ಸವೆದಿದೆ ಅಂತ ನೋಡುವ ಉಪಾಯವನ್ನೂ ಆತನೇ ಹೇಳಿದ. ಚೈನ್ 'ಉದ್ದವಾಯಿತು' ಅಂತಾರಲ್ಲ, ಅದು ಲೋಹ ಎಳೆದುಕೊಂಡು ಆಗುವುದಲ್ಲ. ಪಿನ್ನು ಕೂರುವ ಜಾಗ ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಉದ್ದವಾಗುತ್ತದೆ. ಹೊಸ ಚೈನಿನ ಒಂದು ಪಿನ್ನಿಗೆ ಸ್ಕೇಲಿನ ಸೊನ್ನೆ ಹಿಡಿದರೆ ಅದರಿಂದ ಮುಂದಿನ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋದರೆ ಚೈನ್ ಬದಲಿಸುವ ಸಮಯ. ಎಂಟನೇ ಒಂದು ಭಾಗದವರೆಗೂ ಬಿಟ್ಟರೆ ಹಲ್ಲಿನ ಚಕ್ರಗಳೂ ಹಾಳಾಗಿರುತ್ತವೆ.

ಮನೆಗೆ ಬಂದು ಮಗಳ ಸ್ಕೇಲ್ ಇಟ್ಟು ಅಳೆದೆ. ಸ್ಕೇಲ್ 12 ಇಂಚಿಗೆ ಮುಗಿಯಿತು. ಪಿನ್ನು ಇನ್ನೂ ಮುಂದೆ ಕೂತಿತ್ತು. ನಾಲ್ಕು ಸಲ ಅಳೆದೆ, ನಾಲ್ಕು ಕಡೆ. ಚೈನ್ ಚಿಕ್ಕದಾಗಲಿಲ್ಲ. ಸ್ಕೇಲ್ ಒರೆಸಿ ಇದ್ದಲ್ಲೇ ಇಟ್ಟೆ.

ಮಾರನೇ ದಿನ ಸಂಜೆ ಮಗಳು ಗಣಿತದ ನೋಟ್‌ಬುಕ್ ಹಿಡಿದುಕೊಂಡು ಬಂದಳು.

"ಅಪ್ಪಾ, ನನ್ನ ಸ್ಕೇಲ್ ಯಾರು ತಗೊಂಡಿದ್ದು?"

"ಗೊತ್ತಿಲ್ಲ ಪುಟ್ಟಾ."

ನೋಟ್‌ಬುಕ್ ಬಿಚ್ಚಿದಳು. ಮಾರ್ಜಿನ್ ಗೆರೆ ಎಳೆದ ಕಡೆಯೆಲ್ಲ ಉದ್ದಕ್ಕೂ ಕಪ್ಪು. ಆಮೇಲೆ ಜೇಬಿನಿಂದ ಸ್ಕೇಲ್ ತೆಗೆದು ತಿರುಗಿಸಿದಳು. ಹಿಂಬದಿಯಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಎಣಿಸುವಷ್ಟು ಸ್ಪಷ್ಟವಾಗಿ. ನನ್ನ ಕೈ ಎಳೆದುಕೊಂಡು ಹೆಬ್ಬೆರಳನ್ನು ಅದರ ಮೇಲೆ ಒತ್ತಿ ನೋಡಿದಳು. ಆಮೇಲೆ ಒಳಗೆ ತಿರುಗಿ ಕೂಗಿದಳು:

"ಅಮ್ಮಾ, ಇವರದೇ!"