ಮೊದಲು ಗಡಿಯಾರ ನೋಡಿ, ಆಮೇಲೆ ಕುರ್ಚಿ

ವಿದೇಶದಲ್ಲಿ ಕೂತು ಕೆಲಸ ಮಾಡುವವರು ರೇಟಿಂಗ್ ನೋಡಿ ಕೋವರ್ಕಿಂಗ್ ಜಾಗ (ದುಡ್ಡು ಕೊಟ್ಟು ಕೂತು ಕೆಲಸ ಮಾಡುವ ಹಂಚಿಕೆಯ ಕಚೇರಿ) ಆರಿಸಿ ಅಂತ ಲೇಖನಗಳಲ್ಲಿ ಹೇಳುತ್ತಾರೆ, ಅಷ್ಟೇ ಸಾಲದು. ತುಮಕೂರಿನಿಂದ ಹೊರಟು ಬೆಂಗಳೂರು ಕಂಪನಿಯ ಕೆಲಸವನ್ನೇ ವಿದೇಶದಲ್ಲಿ ಕೂತು ಮಾಡುವವರು ಮೊದಲು ಹೊತ್ತಿನ ಲೆಕ್ಕ ಹಾಕಿ. ನಮ್ಮ ಬೆಳಗಿನ 9.30 ಅಂದರೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ 11 ಗಂಟೆ, ತೊಂದರೆಯಿಲ್ಲ. ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನಲ್ಲಿ ಚಳಿಗಾಲಕ್ಕೆ ಅದು ನಸುಕಿನ 4, ಬೇಸಿಗೆಯಲ್ಲಿ 5. ಅಲ್ಲಿ 24 ಗಂಟೆಯೂ ಒಳಗೆ ಬಿಡದ ಜಾಗಕ್ಕೆ ದುಡ್ಡು ಕಟ್ಟಲೇಬೇಡಿ.

ತಿಂಗಳ ಪಾಸ್‌ಗೆ ಮುಂಚೆ ಒಂದು ದಿನದ ಪಾಸ್ ತಗೊಂಡು, ಜನ ತುಂಬಿರುವ ಹೊತ್ತಲ್ಲೇ ಆಫೀಸಿನ ವಿಪಿಎನ್ (ಕಂಪನಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ಸಂಪರ್ಕ) ಹಾಕಿ ಅಪ್‌ಲೋಡ್ ವೇಗ ಅಳೆಯಿರಿ. ಜಾಹೀರಾತಿನಲ್ಲಿ ಹೇಳುವುದು ಸಾಮಾನ್ಯವಾಗಿ ಡೌನ್‌ಲೋಡ್ ವೇಗ. ಮೀಟಿಂಗ್‌ನಲ್ಲಿ ನಮ್ಮ ದನಿ ಆಚೆಯವರಿಗೆ ತುಂಡುತುಂಡಾಗಿ ಕೇಳುವುದು ಅಪ್‌ಲೋಡ್ ಸಾಲದಿದ್ದಾಗ. ಫೋನ್ ಬೂತ್ (ಕರೆಯಲ್ಲಿ ಮಾತಾಡಲು ಇರುವ ಮುಚ್ಚಿದ ಪುಟ್ಟ ಕೋಣೆ) ಎಷ್ಟಿವೆ ಅಂತಲೂ ಎಣಿಸಿ. ಹಾಂ, ನಮ್ಮ ಮೂರು ಪಿನ್ನಿನ ಪ್ಲಗ್ ಪೋರ್ಚುಗಲ್‌ನಲ್ಲಿ ಕೂರುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.